ನೇರ ಮಾಡುವ ಕೈ, ಗುಂಗುರು ತಲೆ

“ಈ ಪಾತ್ರೆ ತಿಕ್ಕೋ ನಾರು ನನ್ನ ಕೂದಲು ನೇರ ಮಾಡುತ್ತಾ? ಮೊದಲು ತನ್ನ ತಲೆ ನೇರ ಮಾಡ್ಕೊಳ್ಳಲಿ.”

ಮಾತು ಆಡಿದ್ದು ಕುರ್ಚಿಯಲ್ಲಿ ಕೂತಿರುವ ಗಿರಾಕಿ. ಆಡಿದ್ದು ಬೆನ್ನ ಹಿಂದೆ ಬಾಚಣಿಗೆ ಹಿಡಿದು ನಿಂತವರಿಗಲ್ಲ, ಅವರನ್ನು ದಾಟಿ ಆಚೆ ನಿಂತಿರುವ ಯಜಮಾನಿಗೆ. ಬೈಯುವುದಕ್ಕೂ ನೇರವಾಗಿ ಬೈಯಲಾರರು. ಬೈಸಿಕೊಳ್ಳುವಷ್ಟು ದೊಡ್ಡ ಮನುಷ್ಯ ಅಂತಲೂ ಒಪ್ಪುವುದಿಲ್ಲ.

ಬೆಳಗ್ಗೆ ಬೇಗ. ಕೆಳಗೆ ಬೀದಿಯಲ್ಲಿ ದೀಪ ಇನ್ನೂ ಆರಿಲ್ಲ. ಎರಡನೇ ಮಹಡಿಯ ಈ ಸಲೂನಿನ ಷಟರ್ ಸೊಂಟದ ಎತ್ತರಕ್ಕೆ ಮಾತ್ರ ಎದ್ದಿದೆ, ಎಲ್ಲರೂ ಬಗ್ಗಿಯೇ ಒಳಗೆ ಬಂದಿದ್ದಾರೆ. ಗಿರಾಕಿಯ ತಂಗಿಯ ಮದುವೆ ಊಟ ಇವತ್ತು ಸಂಜೆ, ಅದಕ್ಕೆ ಈ ಅವಸರ. ಮಾತು ಕೇಳಿ ಕನ್ನಡಿ ಒರೆಸುತ್ತಿದ್ದ ಹುಡುಗಿ ಬಟ್ಟೆ ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ. ಯಜಮಾನಿಯೂ ನಗುತ್ತಾರೆ. ನಕ್ಕು ಸುಮ್ಮನಾಗಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ಅವರು ಸುಮ್ಮನಾಗಲಿಲ್ಲ.

“ಕೇಳಿಸ್ತೇನೋ? ಒಂದು ತಿಂಗಳಿಂದ ನಾನೂ ಇದನ್ನೇ ಬಡ್ಕೋತಾ ಇದೀನಿ. ಇವತ್ತು ಇವರದು ಮುಗಿಸು. ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ನೀನು ಕೂತ್ಕೋ. ಕೂರಲ್ಲ ಅಂದ್ರೆ ಈ ಕುರ್ಚಿ ಇನ್ಮೇಲೆ ನಿಂದಲ್ಲ.”

ಬೈಸಿಕೊಂಡವರ ಹೆಸರು ಈ ಅಂಗಡಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವರು ‘ಗುಂಗುರು’. ಎಲ್ಲರೂ ಏಕವಚನದಲ್ಲೇ ಕರೆಯುತ್ತಾರೆ. ನಾನು ಕರೆಯುವುದಿಲ್ಲ. ನನಗೆ ಅವರು ಗುಂಗುರಣ್ಣ. ಕೂದಲು ನೇರ ಮಾಡುವುದು ಅವರ ಕೆಲಸ. ನಲವತ್ತರ ಆಸುಪಾಸಿನ ವಯಸ್ಸು, ತೆಳ್ಳಗಿನ ಮೈ, ಅದರ ಮೇಲೆ ಮೈಗೆ ಹೊಂದದ ಹಾಗೆ ದೊಡ್ಡ ತಲೆ. ತಲೆ ದೊಡ್ಡದಲ್ಲ, ಕೂದಲು. ಉಂಗುರ ಉಂಗುರವಾಗಿ ಸುತ್ತಿ, ಒಂದರೊಳಗೊಂದು ಸಿಕ್ಕಿಕೊಂಡು, ಕಿವಿ ಮುಚ್ಚಿ, ಹಣೆಗೆ ಇಳಿದು, ಮೇಲಕ್ಕೂ ಎದ್ದು ನಿಂತಿರುವ ಕಪ್ಪು ಕಾಡು. ಬೇರೆಯವರ ಕೂದಲನ್ನು ಮಳೆನೀರು ಇಳಿದ ಹಾಗೆ ನೆಟ್ಟಗೆ ಇಳಿಸುವವರ ಸ್ವಂತ ತಲೆ ಇದು.

ಯಜಮಾನಿ ಮಾತು ಮುಗಿಸುವಷ್ಟರಲ್ಲಿ ಗುಂಗುರಣ್ಣ ಕೆಲಸ ಶುರು ಮಾಡಿದ್ದಾರೆ. ಬಾಲದ ಬಾಚಣಿಗೆಯ ಚೂಪು ತುದಿಯಿಂದ ಗಿರಾಕಿಯ ನೆತ್ತಿಯ ಮೇಲೆ ಗೆರೆ ಎಳೆಯುತ್ತಾರೆ. ಕೂದಲು ನಾಲ್ಕು ಪಾಲಾಗುತ್ತದೆ. ಒಂದೊಂದು ಪಾಲನ್ನೂ ತಿರುಚಿ ಕ್ಲಿಪ್ ಹಾಕುತ್ತಾರೆ. ಗೆರೆ ಒಂಚೂರೂ ಸೊಟ್ಟಗಿಲ್ಲ. ಸೊಟ್ಟಗಾಗಬೇಕಿತ್ತು ಅಂತ ನನಗೇ ಅನ್ನಿಸಿತು.

ನಮ್ಮ ಪತ್ರಿಕೆಯ ಸಂಪಾದಕರು ನನಗೆ ಹೇಳಿದ್ದು, “ಎಲೆಮರೆಯ ಕಾಯಿಯೊಬ್ಬರನ್ನು ಹುಡುಕಿ ಬರಿ” ಅಂತ. ಹುಡುಕುವುದು ಕಷ್ಟವಾಗಲಿಲ್ಲ. ಈ ಊರಲ್ಲಿ ಮರೆಯಲ್ಲಿರುವವರೇ ಜಾಸ್ತಿ. ಆದರೆ ಈ ಎಲೆ ಅನ್ನೋದು ಯಾವುದು, ಅದನ್ನು ಮುಂದೆ ಹಿಡಿದು ನಿಂತವರು ಯಾರು, ಅದನ್ನು ಯಾರೂ ಬರೆಯಿಸುವುದಿಲ್ಲ. ಸಲೂನಿನಲ್ಲಿ ಕೂತವರು ಅರ್ಧ ದಿನ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಾರೆ. ಅದೇ ಕನ್ನಡಿಯಲ್ಲಿ, ಅವರ ಮುಖದ ಮೇಲುಗಡೆ ಇನ್ನೊಂದು ಮುಖ ಇರುತ್ತದೆ. ಆ ಮುಖದಲ್ಲಿ ಮಚ್ಚೆ ಎಲ್ಲಿದೆ ಅಂತ ಕೇಳಿ ನೋಡಿ. ಒಬ್ಬರಿಗೂ ಗೊತ್ತಿರಲ್ಲ.

ಕೆಲಸ ಹೀಗೆ. ಮೊದಲು ತೊಳೆಯಬೇಕು, ಒಣಗಿಸಬೇಕು. ಆಮೇಲೆ ಬಿಳಿ ಕ್ರೀಮು. ಅದು ಕೂದಲಿನ ಹಳೆಯ ಹಟವನ್ನೆಲ್ಲ ಬಿಡಿಸಿ ಮೆತ್ತಗೆ ಮಾಡುತ್ತದೆ. ಮೆತ್ತಗಾದ ಮೇಲೆ ತೊಳೆದು, ಒಣಗಿಸಿ, ಬಿಸಿ ಇಸ್ತ್ರಿಯಲ್ಲಿ ಎಳೆ ಎಳೆಯಾಗಿ ಎಳೆಯಬೇಕು. ಕೊನೆಗೆ ಇನ್ನೊಂದು ಔಷಧಿ, ಎಳೆದದ್ದು ಎಳೆದ ಹಾಗೇ ನಿಲ್ಲುವುದಕ್ಕೆ. ಮಧ್ಯದಲ್ಲಿ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಕ್ರೀಮು ಹಾಕಿ ಕೈಬಿಟ್ಟರೆ ಕೂದಲು ರಬ್ಬರಿನ ಹಾಗೆ ಆಗಿ ಕೈಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ ಬುಡ. ಕ್ರೀಮು ಬುಡಕ್ಕೆ ತಾಗಬಾರದು. ನೆತ್ತಿಯಿಂದ ಬೆರಳಗಲ ಬಿಟ್ಟೇ ಹಚ್ಚಬೇಕು. ಆ ಬೆರಳಗಲದಲ್ಲೇ ಇವರ ಕಸುಬಿನ ಮಾನ, ಮರ್ಯಾದೆ ಎಲ್ಲ ಇರುವುದು. ಸಲೂನಿನ ಮಾತಿನಲ್ಲೂ ಬುಡದ್ದೇ ರಾಜ್ಯ. ಕೆಲವು ತಿಂಗಳು ಬಿಟ್ಟು ಗಿರಾಕಿಗಳು ವಾಪಸ್ ಬಂದು, ಸಾಲ ಕೊಟ್ಟವನು ಬಾಗಿಲಿಗೆ ಬಂದಷ್ಟು ಬೇಜಾರಿನಲ್ಲಿ ಹೇಳುತ್ತಾರೆ: “ಬುಡ ಬಂದಿದೆ.” ಅಂದರೆ ಹೊಸದಾಗಿ ಹುಟ್ಟಿದ ಕೂದಲು ಹಳೆಯ ಚಾಳಿಯಲ್ಲೇ ಸುತ್ತಿಕೊಂಡು ಬರುತ್ತಿದೆ ಅಂತ.

ಮೊದಲ ಸಲ ಬಂದವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಇದು ಪರ್ಮನೆಂಟ್ ತಾನೆ? ಗುಂಗುರಣ್ಣನ ಉತ್ತರವೂ ಒಂದೇ, ಇಷ್ಟು ವರ್ಷ ಒಂದಕ್ಷರ ಬದಲಾಗಿಲ್ಲ.

“ಇರೋದು ಪರ್ಮನೆಂಟೇ. ಬರೋದು ಬೇರೆ.”

ಅರ್ಧ ಜನಕ್ಕೆ ಅರ್ಥವಾಗುವುದಿಲ್ಲ. ತಮಾಷೆ ಅಂದುಕೊಂಡು ನಗುತ್ತಾರೆ.

ಅವರು ಈ ಕಸುಬಿಗೆ ಬಂದದ್ದು ಕೈಚಳಕದಿಂದಲ್ಲ, ಈ ತಲೆಯಿಂದಲೇ. ಓದು ಅರ್ಧಕ್ಕೆ ಬಿಟ್ಟು ಕೆಲಸ ಹುಡುಕುತ್ತಿದ್ದ ಕಾಲ. ಆಗ ಯಜಮಾನಿಗೆ ಇದ್ದದ್ದು ಒಂದು ಕೋಣೆ, ಎರಡು ಕುರ್ಚಿ, ಒಂದು ಒಡಕು ಬೇಸಿನ್. ಗುಡಿಸುವ ಕೆಲಸವಾದರೂ ಕೊಡಿ ಅಂತ ಬಾಗಿಲಲ್ಲಿ ನಿಂತವರ ಮುಖವನ್ನು ಆಕೆ ನೋಡಲೇ ಇಲ್ಲವಂತೆ. ಕೂದಲಿಗೆ ಕೈ ಹಾಕಿ, ಒಂದು ಉಂಗುರ ಎಳೆದು ಬಿಟ್ಟು, ಅದು ಸ್ಪ್ರಿಂಗಿನ ಹಾಗೆ ವಾಪಸ್ ಹೋದದ್ದು ನೋಡಿ ನಾಳೆಯಿಂದ ಬಾ ಅಂದರಂತೆ. ನಿನ್ನ ತಲೆಯಲ್ಲಿ ನೇರ ಆದರೆ ಯಾರ ತಲೆಯಲ್ಲಾದರೂ ಆಗುತ್ತೆ ಅಂತ ಆಕೆಯ ಲೆಕ್ಕ.

ಅವತ್ತಿನಿಂದ ಆ ತಲೆ ಅಂಗಡಿಯ ಸಾಮಾನು. ಹೊಸ ಕ್ರೀಮು ಬಂದರೆ ಮೊದಲು ಅಲ್ಲಿ. ಕಲಿಯುವವರು ಬಂದರೆ ಕೈ ಪಳಗಿಸುವುದು ಅಲ್ಲಿ. ಒಬ್ಬರು ನೇರ ಮಾಡುತ್ತಾರೆ, ಬುಡ ಬಂದ ಮೇಲೆ ಇನ್ನೊಬ್ಬರು ಮತ್ತೆ ನೇರ ಮಾಡುತ್ತಾರೆ, ಮೂರನೆಯವರು ಅದೇ ನೇರ ಕೂದಲಿಗೆ ಸಣ್ಣ ಸಣ್ಣ ಕಡ್ಡಿ ಸುತ್ತಿ ವಾಪಸ್ ಗುಂಗುರು ಮಾಡುತ್ತಾರೆ.

“ದೇವರು ಸುತ್ತಿ ಕಳಿಸಿದ್ದನ್ನ ಬಿಚ್ಚಿ, ಇವರೇ ಮತ್ತೆ ಸುತ್ತಿದ್ರು ತಮ್ಮಾ,” ಅಂತ ಗುಂಗುರಣ್ಣ ನಗುತ್ತಾರೆ. “ಒಂದು ಸಲ ನಮ್ಮಮ್ಮ ಬಾಗಿಲು ತೆಗೆದು ಯಾರು ಬೇಕಾಗಿತ್ತು ಅಂತ ಕೇಳಿದ್ಲು.”

ಆ ನಗು ಒಂದು ಜಾಗಕ್ಕೆ ಬಂದು ನಿಲ್ಲುತ್ತದೆ. ಎಡಗಿವಿಯ ಹಿಂದೆ, ಉಂಗುರಗಳನ್ನು ಸರಿಸಿ ತೋರಿಸುತ್ತಾರೆ. ಹೆಬ್ಬೆಟ್ಟು ಒತ್ತಿದಷ್ಟು ಜಾಗದಲ್ಲಿ ಕೂದಲಿಲ್ಲ, ಚರ್ಮ ನುಣ್ಣಗೆ ಹೊಳೆಯುತ್ತದೆ. ಹೊಸದಾಗಿ ಕಲಿಯಲು ಬಂದಿದ್ದವರು ಬೆರಳಗಲ ಬಿಡುವುದನ್ನು ಮರೆತು ಬುಡಕ್ಕೇ ಕ್ರೀಮು ಮೆತ್ತಿದ್ದರು. ನೋಡಿಕೊಳ್ಳಬೇಕಾದ ಯಜಮಾನಿ ಫೋನಿನಲ್ಲಿದ್ದರು. ಉರಿಯುತ್ತಿದೆ ಅಂದರೆ, ಉರಿದರೇನೇ ಕೆಲಸ ಮಾಡ್ತಿದೆ ಅಂತ ಅರ್ಥ ಅಂದರಂತೆ ಕಲಿಯುವವರು. ತೊಳೆದಾಗ ಉದುರಿದ ಕೂದಲಿಂದ ಬೇಸಿನ್ನಿನ ಜಾಲರಿ ತುಂಬಿತ್ತು.

ಯಜಮಾನಿ ಅವತ್ತು ಅತ್ತರಂತೆ. ಅದನ್ನು ಗುಂಗುರಣ್ಣ ಮುಚ್ಚಿಡುವುದಿಲ್ಲ. ತಾವೇ ಕೈಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಾಯ ಮಾಗಿದ ದಿನ ಒಂದು ಕುರ್ಚಿ ತೋರಿಸಿ ಇದು ನಿಂದು ಅಂದರು. ಜೊತೆಗೆ ಇನ್ನೊಂದು ಮಾತನ್ನೂ ಅಂದರು. ಆ ಮಾತನ್ನು ಗುಂಗುರಣ್ಣ ಆಕೆಯ ದನಿಯಲ್ಲೇ ಹೇಳುತ್ತಾರೆ.

“ಇನ್ಮೇಲೆ ನಿನ್ನ ತಲೆ ನಿಂದು ಕಣೋ.”

ಮಾರನೆಯ ಬೆಳಗ್ಗೆ ಗುಂಗುರಣ್ಣ ತಲೆ ಪೂರ್ತಿ ಬೋಳಿಸಿಕೊಂಡು ಬಂದರು. ಬುಡದಿಂದ ಏನು ಬರುತ್ತೋ ಅದು ಬರಲಿ ಅಂತ ಬಿಟ್ಟರು. ಬಂದದ್ದೇ ಇದು. ಅವತ್ತಿನಿಂದ ಇದಕ್ಕೆ ನೀರು, ಎಣ್ಣೆ, ತಮ್ಮದೇ ಹತ್ತು ಬೆರಳು ಬಿಟ್ಟು ಬೇರೆ ಏನೂ ಸೋಕಿಲ್ಲ. ಬೇರೆ ಯಾರ ಕೈಯೂ ಸೋಕಿಲ್ಲ.

ಈಗ ಯಜಮಾನಿ ಪಕ್ಕದ ಬೀದಿಯಲ್ಲಿ ದೊಡ್ಡ ಅಂಗಡಿ ತೆರೆಯುತ್ತಿದ್ದಾರೆ. ಗೋಡೆಯೆಲ್ಲ ಗಾಜು. ಹೊರಗೆ ಹಾಕುವ ಬೋರ್ಡಿನಲ್ಲಿ ಕೆಲಸದವರೆಲ್ಲರ ಫೋಟೋ ಬರುತ್ತದೆ. ಎಲ್ಲರಿಗೂ ಒಂದೇ ಕಪ್ಪು ಅಂಗಿ, ಎಲ್ಲರಿಗೂ ಒಂದೇ ನೇರ ಕೂದಲು. ಅಡುಗೆಯವನೇ ಹಸಿದುಕೊಂಡು ನಿಂತರೆ ಹೋಟೆಲಿಗೆ ಯಾರು ಬರ್ತಾರೆ ಅಂತ ಆಕೆಯ ವಾದ. ಕೇಳಿದರೆ ಸರಿ ಅನ್ನಿಸುತ್ತದೆ. ಇಂಥವರ ವಾದಗಳು ಕೇಳಿದಾಗ ಯಾವತ್ತೂ ಸರಿಯೇ ಅನ್ನಿಸುತ್ತವೆ. ಅದಕ್ಕೇ ನನಗೆ ಮೈ ಉರಿಯುವುದು. ಕೈ ಬೇಕು ಅಂತ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಕೈ ಕೊಟ್ಟರೆ ಹೊತ್ತು ಕೇಳುತ್ತಾರೆ. ಹೊತ್ತು ಕೊಟ್ಟರೆ ನಗುಮುಖ ಕೇಳುತ್ತಾರೆ. ಅದನ್ನೂ ಕೊಟ್ಟರೆ, ತಲೆ ಯಾಕೆ ನಿನ್ನ ಹತ್ತಿರವೇ ಉಳಿದಿದೆ ಅಂತ ಕೇಳುತ್ತಾರೆ.

ಮನೆಯಲ್ಲೂ ಗುಂಗುರಣ್ಣನ ಪರ ಯಾರೂ ಇಲ್ಲ. ಕಳೆದ ವಾರ ಹೋಗಿದ್ದೆ. ಎರಡು ಕೋಣೆಯ ಮನೆ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಕೈಗವಸು ಒಣಗುತ್ತಿತ್ತು. ಹೆಂಡತಿ ಬೆಳಗ್ಗೆ ಸಂಜೆ ನಾಲ್ಕು ಮನೆ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ಇಬ್ಬರದೂ ಇಸ್ತ್ರಿ ಕೆಲಸವೇ, ನಾನು ಸುಟ್ಟರೆ ಬಟ್ಟೆ ಮಾತ್ರ ಹೋಗೋದು ಅಂತ ಆಕೆ ಗಂಡನ ಕಾಲೆಳೆಯುತ್ತಾರೆ. ಆದರೆ ತಲೆಯ ವಿಷಯ ಬಂದಾಗ ನಗಲಿಲ್ಲ. ನನಗೆ ಟೀ ಕೊಟ್ಟು, ಗಂಡನಿಗೆ ಕೇಳಿಸಲಿ ಅಂತ ನನ್ನ ಕಡೆ ತಿರುಗಿ ಹೇಳಿದರು.

“ಕೂದಲು ಹೋದ್ರೆ ಬೆಳೆಯುತ್ತೆ. ಕೆಲಸ ಹೋದ್ರೆ ಬೆಳೆಯುತ್ತಾ? ಕೇಳಿ ನಿಮ್ಮ ಅಣ್ಣಂಗೆ.”

ಅಣ್ಣ ಟೀ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಬರೀ ಬಿಸಿ ಗೊತ್ತಾಗುತ್ತೆ, ಟೀ ವಾಸನೆ ಗೊತ್ತಾಗಲ್ಲ ಅಂದರು. ಕ್ರೀಮಿನ ಘಾಟು ಅವರ ಮೂಗನ್ನು ತಿಂದು ವರ್ಷಗಳಾಗಿವೆ. ಕೆಟ್ಟ ಮೊಟ್ಟೆಯ ವಾಸನೆ ಅದು, ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಮಗಳು ದಿನಾ ಸಂಜೆ ಅಪ್ಪನ ಕೈ ಮೂಸಿ, ಇವತ್ತು ಎಷ್ಟು ತಲೆ ಅಂತ ಹೇಳುವ ಆಟ ಆಡುತ್ತಾಳೆ. ಒಂದು ತಲೆಗೆ ಮುಖ ಸಿಂಡರಿಸುತ್ತಾಳೆ, ಎರಡಕ್ಕೆ ಮೂಗು ಮುಚ್ಚುತ್ತಾಳೆ, ಮದುವೆಗಳ ಕಾಲದಲ್ಲಿ ಮೂರು ಆದರೆ ನೆಲಕ್ಕೆ ಬಿದ್ದು ಸತ್ತ ಹಾಗೆ ಮಾಡುತ್ತಾಳೆ. ತಪ್ಪುವುದು ಕಡಿಮೆ.

ಆ ಹುಡುಗಿಯದೂ ಅಪ್ಪನದೇ ತಲೆ. ಶಾಲೆಯಲ್ಲಿ ರೇಗಿಸುತ್ತಾರೆ, ನನಗೂ ನೇರ ಮಾಡಿಕೊಡು ಅಂತ ಅವಳು ಅಪ್ಪನ ಹತ್ತಿರ ಮುನಿಸಿಕೊಂಡಿದ್ದಾಳೆ. ಗುಂಗುರಣ್ಣ ಅವಳಿಗೆ ಗುಂಗುರೇ ಚೆಂದ ಅಂತ ಭಾಷಣ ಬಿಗಿದಿಲ್ಲ. ಇನ್ನೂ ಎಳೆ ತಲೆ, ಔಷಧಿ ತಡೆಯಲ್ಲ ಅಂದಿದ್ದಾರೆ ಅಷ್ಟೆ. “ದೊಡ್ಡವಳಾಗು. ಆಗಲೂ ಬೇಕು ಅಂದ್ರೆ ನಾನೇ ಮಾಡ್ಕೊಡ್ತೀನಿ, ಬೇರೆಯವರ ಕೈಗೆ ಕೊಡಲ್ಲ. ನಿನ್ನ ತಲೆ, ನೀನು ಹೇಳಿದ ಹಾಗೆ.”

ಇದನ್ನು ಓದಿ ಗುಂಗುರಣ್ಣ ನೇರ ಕೂದಲಿನ ವೈರಿ ಅಂದುಕೊಂಡರೆ ತಪ್ಪು. ಕೆಲಸ ಅಂದರೆ ಅವರಿಗೆ ಪ್ರಾಣ. ಒಂದೊಂದು ಥರದ ತಲೆಗೂ ಅವರೇ ಇಟ್ಟ ಹೆಸರಿದೆ. ನಾರು, ತಂತಿ, ಸೊಪ್ಪು, ಹತ್ತಿ. ಇವತ್ತಿನ ಗಿರಾಕಿಯದು ತಂತಿ. ಸಿಟ್ಟಿನ ಕೂದಲು, ಒಲಿಸಿಕೊಂಡರೆ ಚೆನ್ನಾಗಿ ಕೂರುತ್ತೆ ಅಂತ ನನ್ನ ಕಿವಿಯಲ್ಲಿ ಹೇಳಿದರು. ಗಿರಾಕಿಗಳ ಬಗ್ಗೆ ಬೆನ್ನ ಹಿಂದೆ ಆಡಿಕೊಳ್ಳುವುದರಲ್ಲೂ ಅವರೇನು ಸಾಧು ಅಲ್ಲ. ಜಂಬವೂ ಇದೆ. ಯಾರೂ ನೋಡದಾಗ ಕನ್ನಡಿ ಮುಂದೆ ನಿಂತು ಹಣೆಯ ಮೇಲಿನ ಒಂದು ಉಂಗುರವನ್ನು ಬೆರಳಿಗೆ ಸುತ್ತಿ ಬಿಡುವುದನ್ನು ನಾನೇ ಕಂಡಿದ್ದೇನೆ. ಇಂಥ ಬರಹಕ್ಕೆ ಕೊನೆಯಲ್ಲಿ ಒಂದು ಸಣ್ಣ ಆಸೆ ಬೇಕಾಗುತ್ತೆ, ಏನಾದರೂ ಇದೆಯಾ ಅಂತ ಕೇಳಿದ್ದಕ್ಕೆ, ಎಂಥ ಗಾಳಿ ಬಂದರೂ ನನ್ನ ಕೂದಲು ಅಲ್ಲಾಡಬಾರದು, ಅದು ಅಲ್ಲಾಡಲ್ಲ, ಆಸೆ ಈಡೇರಿದೆ, ಬರ್ಕೋ ಅಂದರು.

ಮತ್ತೆ ಇವತ್ತಿಗೆ ಬರೋಣ. ಗಿರಾಕಿಯ ತಲೆಗೆ ಕ್ರೀಮು ಹಚ್ಚಿ ಆಗಿದೆ. ಘಾಟಿಗೆ ಕಿಟಕಿ ಪಕ್ಕದ ಕುರ್ಚಿಯವರು ಕೆಮ್ಮುತ್ತಿದ್ದಾರೆ. ಗುಂಗುರಣ್ಣ ಒಂದು ಎಳೆ ತೆಗೆದು, ಬೆರಳಿಗೆ ಸುತ್ತಿ, ಮೆಲ್ಲಗೆ ಎಳೆದು, ಅದು ಎಷ್ಟು ಬಗ್ಗುತ್ತಿದೆ ಅಂತ ನೋಡುತ್ತಾರೆ. ಇನ್ನೂ ಸ್ವಲ್ಪ ಬೇಕು. ಅಷ್ಟು ಹೊತ್ತಿಗೆ, ತಲೆ ತೊಳೆಯುವ ಕೆಲಸದ ಅಕ್ಕ ಬೇಸಿನ್ ಹತ್ತಿರದಿಂದ ಎಲ್ಲರಿಗೂ ಕೇಳುವ ಹಾಗೆ, ಲೋ ಗುಂಗುರು, ನಾನಾಗಿದ್ರೆ ಹೀಗೇ ಬಿಟ್ಟು ಟೀ ಕುಡಿಯೋಕೆ ಹೋಗ್ತಿದ್ದೆ ಕಣೋ ಅಂದುಬಿಟ್ಟರು.

ಆಗ ನೋಡಬೇಕಿತ್ತು ಆ ಗಿರಾಕಿಯ ಮುಖ. ಬೆಳಗ್ಗೆಯಿಂದ ಮೊಬೈಲಿನಲ್ಲಿದ್ದ ಕಣ್ಣು ಮೊದಲ ಸಲ ಕನ್ನಡಿಯಲ್ಲಿ ಮೇಲಕ್ಕೆ ಹೋಯಿತು. ಹಿಂದೆ ನಿಂತವರ ಮುಖ ಹುಡುಕಿತು. ದನಿಯೂ ಬದಲಾಯಿತು, ಬಹುವಚನವೂ ಬಂತು.

“ಅರ್ಧಕ್ಕೆ ಬಿಟ್ಟು ಹೋಗಲ್ಲ ತಾನೆ ನೀವು?”

“ನಿಮ್ಮ ಕೂದಲು ನನಗೇನೂ ಅಂದಿಲ್ಲಮ್ಮಾ,” ಅಂದರು ಗುಂಗುರಣ್ಣ. “ತಲೆ ಅಲ್ಲಾಡಿಸಬೇಡಿ.”

ಬಿಟ್ಟು ಹೋಗಬಹುದಿತ್ತು. ನಾನಾಗಿದ್ದರೆ ಹೋಗುತ್ತಿದ್ದೆ, ಹೋಗುವಾಗ ಕ್ರೀಮಿನ ಬಟ್ಟಲನ್ನೂ ಒದ್ದು ಹೋಗುತ್ತಿದ್ದೆ. ಗುಂಗುರಣ್ಣ ಹೋಗಲಿಲ್ಲ. ತೊಳೆಯಿಸಿದರು. ಒಣಗಿಸಿದರು. ಇಸ್ತ್ರಿ ಬಿಸಿ ಮಾಡಿ, ಕಾಗದದಷ್ಟು ತೆಳ್ಳಗಿನ ಪದರ ತೆಗೆದು, ನೆತ್ತಿಯಿಂದ ತುದಿಯವರೆಗೆ ಒಂದೇ ಉಸಿರಿನಲ್ಲಿ ಎಳೆದರು. ಮತ್ತೆ ಇನ್ನೊಂದು ಪದರ. ಮತ್ತೆ ಇನ್ನೊಂದು. ಹೊಗೆ ಏಳುತ್ತಿತ್ತು. ಎಡಗೈ ಬೆರಳುಗಳ ತುದಿ ಎಲ್ಲ ಜಡ್ಡುಗಟ್ಟಿದೆ, ಬಿಸಿ ಗೊತ್ತಾಗುವುದಿಲ್ಲ. ನಡುವೆ ಎಲ್ಲೂ ಕೂರಲಿಲ್ಲ. ಅಕ್ಕ ತಂದುಕೊಟ್ಟ ಬನ್ನನ್ನು ಬಾಯಲ್ಲಿ ಕಚ್ಚಿಕೊಂಡೇ ಕೊನೆಯ ಔಷಧಿಯನ್ನು ಕಲಸಿದರು. ಅಕ್ಕ ಹತ್ತಿರ ಬಂದು, ಈ ಸಲ ದನಿ ತಗ್ಗಿಸಿ, ಸುಮ್ನೆ ಕೂತ್ಕೊಂಡುಬಿಡೋ, ನಾನೇ ಹಚ್ತೀನಿ, ಉರಿಯದ ಹಾಗೆ ಹಚ್ತೀನಿ ಅಂದರು. ಗುಂಗುರಣ್ಣ ಬನ್ನು ನುಂಗಿ, ಅಕ್ಕನ ಭುಜದ ಮೇಲೆ ಮೊಣಕೈ ಊರಿ ಒಂದು ಗಳಿಗೆ ನಿಂತರು. ಕೈ ಊರಲಿಲ್ಲ, ಕೈಯಲ್ಲಿ ಔಷಧಿ ಇತ್ತು.

ಮಧ್ಯಾಹ್ನದ ಬಿಸಿಲು ಕನ್ನಡಿಗೆ ಬಿದ್ದಾಗ ಕೆಲಸ ಮುಗಿಯಿತು. ಹೇಗೆ ಬಂದಿತ್ತು ಅಂತ ನಾನು ಹೇಳಲೇಬೇಕು, ಯಾಕಂದರೆ ಬೇರೆ ಯಾರೂ ಹೇಳುವುದಿಲ್ಲ. ಬೆಳಗ್ಗೆ ತಂತಿಯಾಗಿದ್ದದ್ದು ಈಗ ಭುಜದಿಂದ ಸೊಂಟಕ್ಕೆ ಕಪ್ಪು ನೀರಿನ ಹಾಗೆ ಇಳಿದಿದೆ. ತಲೆ ಆಡಿಸಿದರೆ ಎಲ್ಲವೂ ಒಟ್ಟಿಗೆ ಹೊರಟು ಒಟ್ಟಿಗೆ ಬಂದು ಕೂರುತ್ತದೆ. ನೆತ್ತಿಯ ಚರ್ಮ ಒಂದು ಕಡೆಯೂ ಕೆಂಪಾಗಿಲ್ಲ. ಬೆರಳಗಲ ಬಿಟ್ಟದ್ದು ಬಿಟ್ಟ ಹಾಗೇ ಇದೆ. ಮೂರು ದಿನ ನೀರು ಸೋಕಿಸಬೇಡಿ, ಕಟ್ಟಬೇಡಿ, ಕಿವಿಯ ಹಿಂದೆ ಸಿಕ್ಕಿಸಲೂಬೇಡಿ, ಗೆರೆ ನಿಲ್ಲುತ್ತೆ ಅಂತ ಗುಂಗುರಣ್ಣ ಹೇಳುತ್ತಾರೆ. ಗಿರಾಕಿ ಎದ್ದು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ತಮ್ಮನ್ನು ತಾವು ನೋಡುತ್ತಾ ನಿಲ್ಲುತ್ತಾರೆ.

ಖಾಲಿಯಾದ ಕುರ್ಚಿಯನ್ನು ಯಜಮಾನಿ ತಾವೇ ಒರೆಸುತ್ತಾರೆ. ಕೊರಳಿಗೆ ಕಟ್ಟುವ ಕಪ್ಪು ಬಟ್ಟೆಯನ್ನು ಕೊಡವಿ ಎರಡೂ ಕೈಯಲ್ಲಿ ಬಿಡಿಸಿ ಹಿಡಿಯುತ್ತಾರೆ. ಪಕ್ಕದ ಟೇಬಲಿನ ಮೇಲೆ ಹೊಸ ಬಟ್ಟಲಿನಲ್ಲಿ ಬಿಳಿ ಕ್ರೀಮು ಆಗಲೇ ತಯಾರಿದೆ. ಅಂಗಡಿಯಲ್ಲಿ ಒಣಗಿಸುವ ಮೆಷಿನ್ನುಗಳೆಲ್ಲ ಒಂದೊಂದಾಗಿ ನಿಲ್ಲುತ್ತವೆ.

“ಬಾ, ಕೂತ್ಕೋ. ಹಟ ಮಾಡ್ಬೇಡ. ನಾನೇ ಮಾಡ್ತೀನಿ, ಬೇರೆ ಯಾರಿಗೂ ಬಿಡಲ್ಲ,” ಅನ್ನುತ್ತಾರೆ. ದನಿಯಲ್ಲಿ ಬೆಳಗಿನ ಗಡಸು ಇಲ್ಲ. ಹಳೆಯ ಒಂದು ಕೋಣೆಯ ಅಂಗಡಿಯ ದನಿ ಅದು ಇರಬೇಕು. ಅಂಥ ದನಿಗೇ ಜನ ಸೋಲುವುದು.

ಗುಂಗುರಣ್ಣ ಕೈಗವಸು ಕಳಚುತ್ತಾರೆ. ಏಪ್ರನ್ ಬಿಚ್ಚುತ್ತಾರೆ. ಯಜಮಾನಿಯ ಕೈಯಿಂದ ಆ ಕಪ್ಪು ಬಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡು, ನಾಲ್ಕು ಮಡಿಕೆ ಮಡಚಿ, ಕುರ್ಚಿಯ ಮೇಲೆ ಇಡುತ್ತಾರೆ. ಬಾಲದ ಬಾಚಣಿಗೆ ಅವರದೇ ಸ್ವಂತದ್ದು. ಅದನ್ನು ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಕ್ಕ ನಲ್ಲಿ ನಿಲ್ಲಿಸುತ್ತಾರೆ. ಷಟರ್ ಇನ್ನೂ ಪೂರ್ತಿ ಎದ್ದಿರಲಿಲ್ಲ, ಬೆಳಗ್ಗೆಯಿಂದ ಯಾರಿಗೂ ನೆನಪಾಗಿರಲಿಲ್ಲ. ಗುಂಗುರಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸದೆ ದಾಟುವಷ್ಟು ಮೇಲಕ್ಕೆ ತಳ್ಳುತ್ತಾರೆ.

ಹಿಂದಿನಿಂದ ಗಿರಾಕಿಯ ದನಿ ಬರುತ್ತದೆ. ಕಣ್ಣು ಕನ್ನಡಿಯಲ್ಲೇ ಇದೆ, ಬೆರಳು ಹೊಸ ಕೂದಲಿನಲ್ಲಿ. ಏನು ನಡೆಯುತ್ತಿದೆ ಅಂತ ಅವರಿಗೆ ಇನ್ನೂ ಗೊತ್ತಾಗಿಲ್ಲ.

“ಅಂದ ಹಾಗೆ, ಇದು ಪರ್ಮನೆಂಟ್ ತಾನೆ?”

ಎಲ್ಲರೂ ಗುಂಗುರಣ್ಣನ ಬೆನ್ನನ್ನೇ ನೋಡುತ್ತಾರೆ. ಆ ಬೆನ್ನು ತಿರುಗುವುದಿಲ್ಲ. ಮೆಟ್ಟಿಲ ಹತ್ತಿರ ಕೆಳಗಿನಿಂದ ಜೋರು ಗಾಳಿ ಬರುತ್ತದೆ, ಅಂಗಿ ಪಟಪಟ ಅನ್ನುತ್ತದೆ. ಕೂದಲು ಅಲ್ಲಾಡುವುದಿಲ್ಲ. ಗುಂಗುರಣ್ಣ ಇಳಿದು ಹೋಗುತ್ತಾರೆ.